ವೆಂಡೆಲ್ ಹೇಳಿದ್ದಾನೆ, ಅದಕ್ಕೆ

ನನ್ನ ಭಾವ ವೆಂಡೆಲ್ ಹಾಗ್‌ಸ್ಟಾಡ್ ತನ್ನ ಐವತ್ತಾರು ವರ್ಷದ ಬಾಳಿನಲ್ಲಿ ಯಾರಿಗೂ ಏನನ್ನೂ ಹೇಳಿದವನಲ್ಲ. ಹೋಟೆಲಿನಲ್ಲಿ ಕೇಳದ ತಿಂಡಿ ತಂದಿಟ್ಟರೂ ಅದನ್ನೇ ತಿಂದು, ಚೆನ್ನಾಗಿತ್ತು ಎಂದು ಎದ್ದು ಬರುವ ಪೈಕಿ. ಅಂಥವನ ಮಾತು ಇಡೀ ಟ್ಯಾಮರಾಕ್ ಕೌಂಟಿಯಲ್ಲಿ ಹದಿನೈದು ದಿನ ನಡೆಯಿತು ಎಂದರೆ ನೀವು ನಂಬುವುದಿಲ್ಲ. ಕೌಂಟಿ ಮಂಡಳಿಯ ನಡಾವಳಿ ಬರೆಯುವ ಗುಮಾಸ್ತ ನಾನೇ. ಇದು ದಾಖಲೆಯಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಭಾವನ ಕಚೇರಿ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ, ಬಾಯ್ಲರ್ ಪಕ್ಕ. ಅಲ್ಲಿ ಕೂತು ಅವನು ಲೂನ್ ಎಂಬ ಸಾಫ್ಟ್‌ವೇರ್ ಚೌಕಟ್ಟನ್ನು ನೋಡಿಕೊಳ್ಳುತ್ತಾನೆ. ಅದನ್ನು ಕಟ್ಟಿದವನೂ ಅವನೇ. ಲೂನ್ ನಮ್ಮ ಕೆರೆಗಳ ಹಕ್ಕಿ. ಹೊತ್ತಿಗೆ ಸರಿಯಾಗಿ ಕೂಗುತ್ತದೆ ಎಂದು ಆ ಹೆಸರಿಟ್ಟ. ಆ ಹಕ್ಕಿ ಹೊತ್ತುಗೊತ್ತಿಲ್ಲದೆ ಕೂಗುತ್ತದೆ ಎಂದು ನಾನು ತಿಳಿಸುವಷ್ಟರಲ್ಲಿ ಹೆಸರು ಅರವತ್ತೆರಡು ಕಡೆ ಹೋಗಿಬಿಟ್ಟಿತ್ತು. ಒಮ್ಮೆ ಹೊರಗೆ ಹೋದದ್ದನ್ನು ಬದಲಾಯಿಸುವ ಹಾಗಿಲ್ಲ ಎಂದು ಹಾಗೇ ಬಿಟ್ಟ.

ಗ್ರಂಥಾಲಯದ ಬಾಗಿಲು ಹಾಕುವುದು, ಚರ್ಚಿನ ಗಂಟೆ ಹೊಡೆಯುವುದು, ಕರ್ಲಿಂಗ್ ಆಡುವ ಮಂಜುಗಡ್ಡೆ ಅಂಗಳದ ದೀಪ ಆರಿಸುವುದು, ನಮ್ಮ ಸಭೆಗೆ ನಡಾವಳಿ ಹಾಳೆ ಮುದ್ರಿಸಿ ಕೊಡುವುದು, ಇಂಥ ಕೆಲಸಗಳ ಪ್ರೋಗ್ರಾಮನ್ನು ಅವರವರು ಬರೆದುಕೊಂಡು ಲೂನ್ ಚೌಕಟ್ಟಿಗೆ ತಗುಲಿಹಾಕುತ್ತಾರೆ. ಲೂನ್ ಪ್ರತಿಯೊಂದನ್ನೂ ಎರಡು ಪ್ರಶ್ನೆ ಕೇಳುತ್ತದೆ. ಏನು ಮಾಡಬೇಕು? ಯಾವಾಗ ಮಾಡಬೇಕು? ಇಂಥ ಪ್ರಶ್ನೆಗೆ ಆ ಕಸುಬಿನವರು ಮೆಥಡ್ ಎನ್ನುತ್ತಾರೆ. ಉತ್ತರ ಬಂದರೆ ಅದು ಅಲ್ಲಲ್ಲಿ ತೂಗುಹಾಕಿದ ವಿದ್ಯುತ್ ಬೋರ್ಡಿನ ಮೇಲೆ ಮೂಡಿ ಕೆಲಸ ನಡೆಯುತ್ತದೆ. ಬರದಿದ್ದರೆ ಲೂನ್ ಮುಖ ಊದಿಸಿಕೊಂಡು ನಿಂತುಬಿಡುತ್ತದೆ.

ಚೌಕಟ್ಟಿಗೆ ಏನೇ ಹೊಸದು ಸೇರಿಸಿದರೂ ಹಳೆಯ ಒಂದು ಪ್ರೋಗ್ರಾಮೂ ನಿಲ್ಲಬಾರದು ಎಂಬುದು ಭಾವನ ವ್ರತ. ಅವನ ಮೇಜಿನ ಹಿಂದೆ ಒಂದು ಬಿಳಿ ಹಲಗೆ ಇದೆ. ಅದರ ಮೇಲೆ 'ಕೊನೆಯ ಬಾರಿ ಯಾರದನ್ನಾದರೂ ಕೆಡಿಸಿ ಎಷ್ಟು ದಿನವಾಯಿತು' ಎಂಬ ಸಾಲು, ಕೆಳಗೆ ಒಂದು ಅಂಕಿ. ದಿನಾ ಬೆಳಗ್ಗೆ ಕೋಟು ಬಿಚ್ಚುವ ಮೊದಲು ಅದನ್ನು ಒರೆಸಿ ಒಂದು ಕೂಡಿಸಿ ಬರೆಯುತ್ತಾನೆ. ಈ ಕತೆ ಶುರುವಾದ ಅಕ್ಟೋಬರ್ ಕೊನೆಯ ಶುಕ್ರವಾರ ಅಲ್ಲಿ ನಾಲ್ಕು ಸಾವಿರದ ಇಪ್ಪತ್ತೊಂದು ಎಂದಿತ್ತು.

ಅದಕ್ಕೆ ನಾಲ್ಕು ದಿನ ಮೊದಲು, ಅದೇ ವಾರದ ಸೋಮವಾರ, ಮಿನಿಯಾಪೊಲಿಸ್‌ನ ಒಂದು ಕಂಪನಿಯವನು ನಮ್ಮ ಮಂಡಳಿಯ ಮುಂದೆ ಬಂದು ನಿಂತ. ಹೆಸರು ಟ್ರೆಂಟ್. ಹಲ್ಲು ತುಂಬ ಬೆಳ್ಳಗೆ. ಲೂನ್ ತೆಗೆದುಹಾಕಿ ತಮ್ಮ ವ್ಯವಸ್ಥೆ ಕೊಳ್ಳಬೇಕೆಂದು ಒಂದು ಗಂಟೆ ವಿವರಿಸಿದ. ಮಂಡಳಿ ಒಪ್ಪಿದರೆ ಲೂನ್ ಜೊತೆ ಭಾವನ ಹುದ್ದೆಯೂ ಹೋಗುತ್ತದೆ. ಐವತ್ತಾರರ ವಯಸ್ಸಿನಲ್ಲಿ ಬಾಯ್ಲರ್ ಪಕ್ಕದಿಂದ ಎದ್ದವನನ್ನು ಇನ್ನೆಲ್ಲಿ ಯಾರು ಕೂರಿಸಿಕೊಳ್ಳುತ್ತಾರೆ? ಆದ್ದರಿಂದ ಅವನನ್ನೂ ಸಭೆಗೆ ಕರೆಸಿ ಮೂಲೆಯಲ್ಲಿ ಕೂರಿಸಿದ್ದರು.

"ನಮ್ಮದು ಕಾರಣಾನೂ ಹೇಳುತ್ತೆ ಮೇಡಂ," ಎಂದ ಟ್ರೆಂಟ್. "ಬಾಗಿಲು ಯಾಕೆ ಹಾಕಿದ್ರು, ಗಂಟೆ ಯಾಕೆ ಹೊಡೆದ್ರು, ಎಲ್ಲ ಬೋರ್ಡಿನ ಮೇಲೆ ಬರುತ್ತೆ. ಈ ಕಾಲದ ಜನಕ್ಕೆ ಕಾರಣ ಬೇಕು."

ಅಧ್ಯಕ್ಷೆ ವರ್ನಾ ಕಿವೆಲಾ ಕನ್ನಡಕದ ಮೇಲಿಂದ ಮೂಲೆ ಕಡೆ ನೋಡಿದಳು. ಅವಳು ಮೂವತ್ತು ವರ್ಷ ಶಾಲಾ ಬಸ್ ಓಡಿಸಿದವಳು. ಕನ್ನಡಿಯಲ್ಲಿ ಒಂದು ನೋಟ ನೋಡಿದರೆ ಹಿಂದಿನ ಸೀಟಿನವರೆಗೂ ತಲುಪಬೇಕು, ಅಂಥ ನೋಟ. "ವೆಂಡೆಲ್, ನಿಮ್ಮ ಲೂನ್ ಕಾರಣ ಹೇಳುತ್ತಾ?"

"ಹೇಳುತ್ತೆ ಮೇಡಂ," ಎಂದ ಭಾವ. ನನ್ನ ಪೆನ್ನು ನಿಂತುಹೋಯಿತು. "ಈ ಶುಕ್ರವಾರದಿಂದ ಹೇಳುತ್ತೆ."

ಹಾಗಾದರೆ ನೋಡೋಣ ಎಂದು ಮಂಡಳಿಯವರು ತೀರ್ಮಾನವನ್ನು ನವೆಂಬರ್ ಎರಡನೇ ಶುಕ್ರವಾರಕ್ಕೆ ಮುಂದೂಡಿದರು. ಹೊರಗೆ ಬಂದ ಮೇಲೆ ನಾನು ಭಾವನ ತೋಳು ಹಿಡಿದೆ.

"ಭಾವ, ತಲೆ ನೆಟ್ಟಗಿದೆಯಾ? ಮೂರನೇ ಪ್ರಶ್ನೆ ಕೇಳೋಕೆ ಶುರುಮಾಡಿದ್ರೆ ಆ ಹಳೇ ಪ್ರೋಗ್ರಾಮುಗಳು ಏನಂತ ಉತ್ತರ ಕೊಡ್ತವೆ? ಅವನ್ನ ಬರೆಯೋವಾಗ ಈ ಪ್ರಶ್ನೆನೇ ಇರಲಿಲ್ವಲ್ಲ. ಅರವತ್ತೆರಡೂ ಪೆಚ್ಚುಪೆಚ್ಚಾಗಿ ನಿಂತ್ಕೋತವೆ."

"ನಿಲ್ಲಲ್ಲ ಕಣೋ ಡ್ವೇನ್. ಪ್ರಶ್ನೆ ಜೊತೆಗೆ ಒಂದು ಉತ್ತರಾನೂ ನಾನೇ ಇಟ್ಟಿರ್ತೀನಿ. ಯಾರ ಹತ್ರ ಸ್ವಂತ ಉತ್ತರ ಇದೆಯೋ ಅವರದ್ದು ಅವರು ಹೇಳ್ಕೊಳ್ಳಲಿ. ಇಲ್ಲದೋರ ಪರವಾಗಿ ಲೂನೇ ಹೇಳುತ್ತೆ. ಯಾರಿಗೂ ಏನೂ ಆಗಲ್ಲ."

ಗುರುವಾರದ ಹೊತ್ತಿಗೆ 'ಯಾಕೆ?' ಎಂಬ ಮೆಥಡ್ ಸಿದ್ಧವಾಯಿತು. ಉತ್ತರವಿಲ್ಲದವರ ಪರವಾಗಿ ಲೂನ್ ಏನು ಹೇಳಬೇಕು ಎಂಬುದೊಂದೇ ಬಾಕಿ. 'ಗೊತ್ತಿಲ್ಲ' ಎಂದರೆ ಟ್ರೆಂಟ್ ನಗುತ್ತಾನೆ. 'ನಿಯಮದ ಪ್ರಕಾರ' ಎಂದರೆ ಯಾವ ನಿಯಮ ಎಂದು ಕೇಳುತ್ತಾರೆ. ಭಾವ ಹೀಗೆ ತಲೆ ಕೆರೆದುಕೊಳ್ಳುತ್ತಿರುವಾಗ ಅಕ್ಕ ಮಾರ್ಲಿಸ್ ಫೋನು ಮಾಡಿದಳು. ರಾತ್ರಿಯೂಟದ ಹಾಟ್‌ಡಿಶ್, ಅಂದರೆ ಮಾಂಸದ ಮೇಲೆ ಆಲೂಗಡ್ಡೆ ಹರಡಿ ಬೇಯಿಸಿದ್ದು, ಒಲೆಯಿಂದ ತೆಗೆದಾಗಿದೆ, ಮೇಲಿನ ಆಲೂಗಡ್ಡೆ ಮೆತ್ತಗಾದರೆ ತನ್ನನ್ನು ಕೇಳಬಾರದು ಎಂದಳು. ಭಾವ ಆ ಖಾಲಿ ಜಾಗದಲ್ಲಿ ಸದ್ಯಕ್ಕೆ ಇರಲಿ ಎಂದು ಬಾಯಿಗೆ ಬಂದ ಒಂದು ಸಾಲು ತುರುಕಿ ಮನೆಗೆ ಓಡಿದ. ಸದ್ಯಕ್ಕೆ ಎಂದು ಏನನ್ನಾದರೂ ತುರುಕುವುದು ಆ ಕಸುಬಿನವರ ಹುಟ್ಟುಗುಣ. ಈ ದೇಶದಲ್ಲಿ ಸದ್ಯಕ್ಕೆ ಎಂದು ಇಟ್ಟದ್ದರ ಮೇಲೆ ಎಷ್ಟು ಬ್ಯಾಂಕುಗಳು ನಡೆಯುತ್ತಿವೆಯೋ ಯಾರು ಬಲ್ಲರು.

ಶುಕ್ರವಾರ ಅವನು ಅರವತ್ತೆರಡು ಪ್ರೋಗ್ರಾಮುಗಳನ್ನೂ ಪರೀಕ್ಷಿಸಿದ. 'ಯಾಕೆ?' ಎಂದು ಕೇಳಿದರೆ ಉತ್ತರ ಬರುತ್ತದೆಯೇ? ಬಂತು, ಅರವತ್ತೆರಡಕ್ಕೆ ಅರವತ್ತೆರಡೂ ಬಂತು. ಏನು ಉತ್ತರ ಬಂತು ಎಂದು ಓದಲಿಲ್ಲ. ಉತ್ತರ ಬರಬೇಕೆಂಬುದು ಪರೀಕ್ಷೆ, ಓದಬೇಕೆಂಬುದು ಪರೀಕ್ಷೆಯಲ್ಲಿ ಇರಲಿಲ್ಲ. ಹೊಸ ಲೂನ್ ಮಧ್ಯಾಹ್ನ ಎಲ್ಲ ಕಡೆಗೂ ಹೋಯಿತು. ಜೊತೆಗೆ ಒಂದು ಪತ್ರವೂ ಹೋಯಿತು. ನಿಮ್ಮ ನಿಮ್ಮ ಕಾರಣಗಳನ್ನು ಬಿಡುವಾದಾಗ ಬರೆದುಕೊಳ್ಳಿ, ಬರೆಯದಿದ್ದರೂ ಏನೂ ನಿಲ್ಲುವುದಿಲ್ಲ ಎಂದು. ಬರೆಯದಿದ್ದರೂ ನಡೆಯುತ್ತದೆ ಎಂದ ಮೇಲೆ ಯಾರು ಬರೆಯುತ್ತಾರೆ? ಪತ್ರವನ್ನು ಪೂರ್ತಿ ಓದಿದವನು ಕೌಂಟಿಗೆಲ್ಲ ಒಬ್ಬನೇ, ಕರ್ಲಿಂಗ್ ಅಂಗಳದ ಗಾರ್ಡಿ. ಅವನ ವಿಷಯ ಆಮೇಲೆ ಬರುತ್ತದೆ.

ಅಂದು ಸಂಜೆ ಐದಕ್ಕೆ ಗ್ರಂಥಾಲಯದ ಬೋರ್ಡಿನ ಮೇಲೆ ಹೀಗೆ ಮೂಡಿತು: 'ಬಾಗಿಲು ಹಾಕಲಾಗುವುದು. ಯಾಕೆ: ವೆಂಡೆಲ್ ಹೇಳಿದ್ದಾನೆ, ಅದಕ್ಕೆ.'

ಅಲ್ಲಿ ಐನಾರ್ ಎಂಬ ಮುದುಕ ದಿನಾ ಐದು ಗಂಟೆಗೆ ಪತ್ರಿಕೆ ಕೆಳಗಿಡದೆ, ಇನ್ನೊಂದು ಕಾಲು ಗಂಟೆ ಯಾಕೆ ಬಿಡಬಾರದು ಎಂದು ವಾದ ಹೂಡುವವನು. ಅಂದು ಬೋರ್ಡನ್ನು ಎರಡು ಸಲ ಓದಿದ. ಪತ್ರಿಕೆ ಮಡಿಸಿದ. "ಓ, ಹಾಗಾ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಗ್ರಂಥಪಾಲಕಿ ಹನ್ನೆರಡು ವರ್ಷದಲ್ಲಿ ಮೊದಲ ಸಲ ಐದು ಗಂಟೆ ಎರಡು ನಿಮಿಷಕ್ಕೆ ಕಾರಿನಲ್ಲಿದ್ದಳು.

ಭಾನುವಾರ ಚರ್ಚಿನ ಮೊಗಸಾಲೆಯ ಬೋರ್ಡಿನ ಮೇಲೆ 'ಒಂಬತ್ತೂವರೆಗೆ ಪ್ರಾರ್ಥನೆ' ಎಂಬುದರ ಕೆಳಗೂ ಅದೇ ಸಾಲು. ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ ಪಾಸ್ಟರ್ ಟೋರ್ವಿಕ್ ಕಪ್ಪು ಹಿಡಿದು ಭಾವನ ಹತ್ತಿರ ಬಂದರು.

"ಏನಪ್ಪಾ ವೆಂಡೆಲ್. ಇಪ್ಪತ್ತೇಳು ವರ್ಷದಿಂದ ನಾನು ಇದಕ್ಕೆ ಬೇರೆಯವರ ಹೆಸರು ಹೇಳ್ತಾ ಇದ್ದೆ."

"ಪಾಸ್ಟರ್, ಅದು ಸದ್ಯಕ್ಕೆ ಅಂತ ಹಾಕಿದ್ದು. ಇವತ್ತೇ ತೆಗೀತೀನಿ."

"ಅವಸರ ಏನಿಲ್ಲ. ಇವತ್ತು ಒಬ್ಬರೂ ತಡವಾಗಿ ಬರಲಿಲ್ಲ," ಎಂದು ಪಾಸ್ಟರ್ ಎರಡನೇ ಕಪ್ಪು ಕಾಫಿಗೆ ಹೋದರು.

ಭಾವ ಅಂದೇ ತೆಗೆಯುತ್ತಿದ್ದ. ಆದರೆ ಮನೆಗೆ ಬರುವಷ್ಟರಲ್ಲಿ ಅಂಗಳದಲ್ಲಿ ಮೂರು ಕಾರು ನಿಂತಿದ್ದವು. ಒಬ್ಬಳು ನಿಂಬೆ ಬಾರ್ ಎಂಬ ಸಿಹಿ ಮಾಡಿ ತಂದಿದ್ದಳು. ತನ್ನ ಬೀದಿಯ ದೀಪ ಅರ್ಧ ಗಂಟೆ ಮೊದಲೇ ಹತ್ತಬೇಕಂತೆ. ಇನ್ನೊಬ್ಬ ಶುಚಿ ಮಾಡಿದ ವಾಲೈ ಮೀನು ಕಾಗದದಲ್ಲಿ ಸುತ್ತಿ ತಂದಿದ್ದ. ದೋಣಿ ಇಳಿಸುವ ಕಡೆಯ ಗೇಟು ಬೆಳಗಿನ ಐದಕ್ಕೇ ತೆರೆಯಬೇಕಂತೆ. ಮೂರನೆಯವನು ಏನೂ ಕೇಳಲಿಲ್ಲ. "ಮುಂದೆ ಯಾವತ್ತಾದ್ರೂ ಬೇಕಾಗಬಹುದು ನೋಡಿ," ಎಂದು ಒಂದು ಡಬ್ಬ ಕಾಡಕ್ಕಿ ಕೊಟ್ಟು ಹೋದ. ಭಾವನಿಗೆ ಬೇಡ ಎನ್ನಲು ಬರುವುದಿಲ್ಲ, ಹಾಗಾಗಿ ಎಲ್ಲವನ್ನೂ ತೆಗೆದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಹಿತವಾಗಿಯೇ ಇತ್ತು. ಸೋಮವಾರ ಅವನು ಎದೆ ಸ್ವಲ್ಪ ಮುಂದೆ ಮಾಡಿ ನಡೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಊರಿಗೆಲ್ಲ ನೀನು ಹೇಳ್ತೀಯಂತೆ, ಎಲ್ಲರೂ ಕೇಳ್ತಾರಂತೆ. ಈ ಮನೆಯಲ್ಲಿ ಯಾವ ವಾರ ಯಾವ ಬಣ್ಣದ ಕಸದ ಡಬ್ಬ ಹೊರಗಿಡಬೇಕು ಅಂತ ನಿನಗೆ ನೆಟ್ಟಗೆ ಗೊತ್ತಿಲ್ಲ. ಆ ಸಾಲು ನನ್ನ ಮನೆಯೊಳಗೆ ನನ್ನ ಕಿವಿಗೆ ಬಿದ್ದೀತು, ಹುಷಾರ್."

"ಇಲ್ಲ ಮಾರ್ಲಿಸ್, ಮನೆಗೆ ಲೂನ್ ಹಾಕಿಲ್ಲ," ಎಂದ ಭಾವ.

"ಹಾಕಿ ನೋಡು," ಎಂದಳು ಅಕ್ಕ.

ಗುರುವಾರ ವರ್ನಾ ಕಿವೆಲಾ ಅವನನ್ನು ಮಹಡಿಗೆ ಕರೆಸಿದಳು. ಕಿಟಕಿಯಾಚೆ ಕೋರ್ಟಿನ ಬಾವುಟ ಇಳಿಯುತ್ತಿತ್ತು. ಬೋರ್ಡಿನ ಮೇಲೆ ಅದಕ್ಕೂ ಕಾರಣ ಕೊಟ್ಟಿತ್ತು.

"ಮಿಸ್ಟರ್ ಹಾಗ್‌ಸ್ಟಾಡ್," ಎಂದಳು. ಅಲ್ಲಿಯವರೆಗೆ ಅವಳು ಅವನನ್ನು ವೆಂಡೆಲ್ ಎನ್ನುತ್ತಿದ್ದಳು. "ಈ ಕೌಂಟಿಗೆ ಚುನಾವಣೆಯಲ್ಲಿ ಗೆದ್ದು ಬಂದವಳು ನಾನು. ಬಾವುಟ ಇಳಿಸೋದು ನೀವು ಹೇಳಿದ್ದಕ್ಕಂತೆ. ಇದು ಸ್ವಲ್ಪ ಬೇರೆ ಥರ ಇದೆ."

ನಮ್ಮ ಕಡೆ 'ಬೇರೆ ಥರ ಇದೆ' ಎಂಬುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮನೆಗೆ ಬೆಂಕಿ ಬಿದ್ದಾಗ ಹೇಳುವ ಮಾತದು. ಭಾವನ ಮುಖ ಸುಣ್ಣವಾಯಿತು. ನೆಲಮಾಳಿಗೆಗೆ ಇಳಿದವನೇ ಆ ಸಾಲು ಅಳಿಸಿ 'ಕಾರಣ ನಮೂದಿಸಿಲ್ಲ' ಎಂದು ಬರೆದು ಎಲ್ಲ ಕಡೆಗೂ ಕಳಿಸಿದ. ಪ್ರಶ್ನೆ ಬದಲಾಗಿಲ್ಲ, ಪ್ರೋಗ್ರಾಮು ಬದಲಾಗಿಲ್ಲ, ಬದಲಾದದ್ದು ಒಂದು ಸಾಲು. ಇದರಿಂದ ಯಾರಿಗೆ ಏನು ಕೆಡುತ್ತದೆ?

ಈಗ ಗಾರ್ಡಿಯ ವಿಷಯ. ಕರ್ಲಿಂಗ್ ಅಂಗಳದ ಮ್ಯಾನೇಜರ್ ಗಾರ್ಡಿ ಬಲು ಶಿಸ್ತಿನ ಮನುಷ್ಯ. ಭಾವನ ಪತ್ರ ಓದಿ, ಮಂಜುಗಡ್ಡೆ ಯಂತ್ರ ರಿಪೇರಿಗೆ ನಿಂತಾಗ ಬೋರ್ಡಿನ ಮೇಲೆ ಬರಲೆಂದು ಒಂದೇ ಒಂದು ಸ್ವಂತ ಕಾರಣ ಬರೆದುಕೊಂಡ. ಆಮೇಲೆ ಯೋಚಿಸಿದ. ವೆಂಡೆಲ್ ಹೆಸರು ಬಂದರೆ ಅದು ದಿನದ ಮಾಮೂಲಿ ಕೆಲಸ. ಅದು ಬಿಟ್ಟು ಬೇರೇನೇ ಬಂದರೂ ವಿಶೇಷ, ಅಂದರೆ ಅಪಾಯ. ಆಗ ಮಂಜುಗಡ್ಡೆಯ ಮೇಲೆ ಇರುವವರನ್ನು ಎಚ್ಚರಿಸಲು ಹಾರ್ನ್ ಹೊಡೆಯಬೇಕು. ಹಾಗೆಂದು ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದ. ಗಾರ್ಡಿಯ ಹಾರ್ನ್ ಹಳೇ ರೈಲು ಎಂಜಿನ್ನಿನಿಂದ ಬಿಚ್ಚಿ ತಂದದ್ದು.

ಗುರುವಾರ, ಶುಕ್ರವಾರ ಅಂಗಳಕ್ಕೆ ರಜೆ. ಶನಿವಾರ ಮಧ್ಯಾಹ್ನ ಹೆಂಗಸರ ಫೈನಲ್. ಕರ್ಲಿಂಗ್ ಎಂದರೆ ಹಿಡಿಯಿರುವ ಭಾರದ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸುವ ಆಟ. ಒಂದು ತಂಡದ ನಾಯಕಿ ವರ್ನಾ ಕಿವೆಲಾ.

ಕೊನೆಯ ಸುತ್ತು, ಕೊನೆಯ ಕಲ್ಲು ಅವಳದು. ಎರಡೂ ತಂಡ ಸಮಸಮ. ವರ್ನಾ ಮಂಡಿಯೂರಿ ಕಲ್ಲಿನ ಹಿಡಿ ಹಿಡಿದು ಮಂಜುಗಡ್ಡೆಯ ಮೇಲೆ ಜಾರಿದಳು. ಬಿಡುವ ಗಳಿಗೆ. ಕಲ್ಲಿನ ದಾರಿ ಗುಡಿಸಲು ಎರಡೂ ಕಡೆ ಪೊರಕೆ ಹಿಡಿದವರು ಬಾಗಿ ನಿಂತಿದ್ದಾರೆ. ಆಗ ಗಾಳಿ ಬೀಸುವ ಫ್ಯಾನು ಶುರುವಾಗುವ ಹೊತ್ತಾಯಿತು. ಏನು ಮಾಡಬೇಕು? ಫ್ಯಾನು ಹಾಕಬೇಕು. ಯಾವಾಗ? ಈಗ. ಯಾಕೆ? ಕಾರಣ ನಮೂದಿಸಿಲ್ಲ.

ಹಾರ್ನ್ ಹೊಡೆಯಿತು. ವರ್ನಾಳ ಕಲ್ಲು ಗುರಿಯ ವೃತ್ತ ದಾಟಿ, ಅಂಗಳದ ಅಂಚು ದಾಟಿ, ಎದುರುಗಡೆಯವರು ಆಟ ಮುಗಿದ ಮೇಲೆ ಕುಡಿಯಲೆಂದು ಇಟ್ಟುಕೊಂಡಿದ್ದ ಸೂಪಿನ ಪಾತ್ರೆಗೆ ಬಡಿಯಿತು. ಐದು ನಿಮಿಷಕ್ಕೆ ಫ್ಯಾನು ನಿಂತಿತು. ಅದಕ್ಕೂ ಕಾರಣ ನಮೂದಿಸಿರಲಿಲ್ಲ.

ನಾನು ನೆಲಮಾಳಿಗೆಗೆ ಹೋದಾಗ ಭಾವ ಆಗಲೇ ಹಳೆಯ ಸಾಲನ್ನು ವಾಪಸ್ ಹಾಕಿಬಿಟ್ಟಿದ್ದ. ಬಿಳಿ ಹಲಗೆಯ ಮುಂದೆ ಬಟ್ಟೆ ಹಿಡಿದು ನಿಂತಿದ್ದ. ನಾಲ್ಕು ಸಾವಿರದ ಇಪ್ಪತ್ತೊಂಬತ್ತು ಎಂದಿತ್ತು.

"ಬಿಡು ಭಾವ, ಇದು ಲೆಕ್ಕಕ್ಕಿಲ್ಲ," ಎಂದೆ. "ಆ ಪೆದ್ದ ಗಾರ್ಡಿ ಯಾಕೆ ಹಾಗೆ ಬರ್ಕೊಂಡ? ಅವನ ತಪ್ಪು. ಆ ಸಾಲು ನಂಬ್ಕೊಳ್ಳಿ ಅಂತ ನೀನೇನು ಹೇಳಿದ್ಯಾ?"

"ನಂಬಬೇಡಿ ಅಂತಾನೂ ಹೇಳಿರಲಿಲ್ಲ." ಅವನು ಅಂಕಿಯನ್ನು ಒರೆಸಿದ. ನಿಧಾನವಾಗಿ ಒರೆಸಿದ. ಹನ್ನೊಂದು ವರ್ಷ ಬಟ್ಟೆಗೆ ಹತ್ತಿಕೊಂಡು ಹೋಯಿತು. ಆಮೇಲೆ ಸೊನ್ನೆ ಬರೆದು, ಕೋಟು ಹಾಕಿಕೊಂಡು, ಸೂಪಿನ ಪಾತ್ರೆಯವರ ಮನೆಗೆ ಕ್ಷಮೆ ಕೇಳಲು ಹೋದ. ನನಗೆ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎರಡನೇ ಶುಕ್ರವಾರ ಸಭೆ ಸೇರಿತು. ಹಾಲ್ ತುಂಬಿತ್ತು. ಐನಾರ್ ಮುದುಕ ಮುಂದಿನ ಸಾಲಿನಲ್ಲಿದ್ದ. ಪಾಸ್ಟರ್ ಬಂದಿದ್ದರು. ಗಾರ್ಡಿ ಟೋಪಿ ಹಿಂಡುತ್ತ ಹಿಂದೆ ನಿಂತಿದ್ದ. ವರ್ನಾಳ ಮುಖ ನೋಡಿದರೆ ಭಾವ ತನ್ನ ಮೇಜಿನ ಸಾಮಾನು ಕಟ್ಟಿಕೊಳ್ಳುವುದೇ ಮೇಲು ಎನ್ನಿಸುತ್ತಿತ್ತು.

"ಮೊದಲು ಒಂದು ವಿಷಯ," ಎಂದಳು ವರ್ನಾ. "ಆ ಸಾಲು ಇವತ್ತೂ ಬೋರ್ಡಿನ ಮೇಲಿದೆ. ಈಗಲೇ, ಇಲ್ಲೇ ತೆಗೀತೀರಾ ಇಲ್ವಾ?"

ಸಭೆಯೆಲ್ಲ ಭಾವನ ಕಡೆ ತಿರುಗಿತು. ಹೂಂ ಎಂದರೆ ಕೆಲಸ ಉಳಿಯುವ ಹಾಗಿತ್ತು. ಐವತ್ತಾರು ವರ್ಷ ಎಲ್ಲದಕ್ಕೂ ಹೂಂ ಎಂದವನು ಅವನು.

"ಆಗಲ್ಲ ಮೇಡಂ."

"ಯಾಕೆ ಆಗಲ್ಲ?"

"ಗಾರ್ಡಿ ಅದನ್ನ ನಂಬ್ಕೊಂಡಿದ್ದಾನೆ. ತೆಗೆದ್ರೆ ಅವನದು ಕೆಡುತ್ತೆ."

"ಒಬ್ಬನಿಗೋಸ್ಕರಾನಾ?"

"ಗೊತ್ತಾಗಿರೋದು ಒಬ್ಬನೇ ಮೇಡಂ. ಆ ಸಾಲು ಇದ್ದಲ್ಲೇ ಇರಲಿ. ನಿಮಗೆ ಬೇರೆ ಕಾರಣ ಬೇಕಿದ್ರೆ ಪಕ್ಕದಲ್ಲೇ ಇನ್ನೊಂದು ಮೆಥಡ್ ಸೇರಿಸಿಕೊಡ್ತೀನಿ. ಬೋರ್ಡು ಮೊದಲು ಅದನ್ನ ಕೇಳುತ್ತೆ. ನೀವು ಬರೆದದ್ದು ಅಲ್ಲಿ ಬರುತ್ತೆ. ಹಳೇದನ್ನ ಮಾತ್ರ ಮುಟ್ಟೋದು ಬೇಡ."

ಟ್ರೆಂಟ್ ಎದ್ದು ನಿಂತ. "ನೋಡಿ, ಈ ತೇಪೆ ಹಾಕೋ ಕೆಲಸಾನೇ ಬೇಡ. ನಮ್ಮದಕ್ಕೆ ಬನ್ನಿ. ಅರವತ್ತೆರಡು ಜನರೂ ತಮ್ಮ ತಮ್ಮ ಪ್ರೋಗ್ರಾಮು ಹೊಸದಾಗಿ ಬರ್ಕೊಂಡ್ರೆ ಮುಗೀತು. ಒಂದೂವರೆ ವರ್ಷ ಹಿಡಿಯುತ್ತೆ, ಅಷ್ಟೇ. ಆಮೇಲೆ ಎಂದೂ ತೊಂದರೆ ಇಲ್ಲ."

ಹೊಸದಾಗಿ ಬರೆದುಕೊಳ್ಳುವುದು ಎಂದ ಕೂಡಲೇ ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಪಾಸ್ಟರ್ ಕಣ್ಣು ಮುಚ್ಚಿಕೊಂಡರು.

ವರ್ನಾ ಭಾವನನ್ನು ಕೇಳಿದಳು, "ನಿಮ್ಮ ಕೋಣೇಲಿ ಒಂದು ಹಲಗೆ ಇದೆಯಂತೆ. ಅದರ ಮೇಲೆ ಇವತ್ತು ಎಷ್ಟಿದೆ?"

"ಆರು ಮೇಡಂ."

ಯಾರೋ ಕಿಸಕ್ಕೆಂದರು. ಟ್ರೆಂಟ್ ಬಾಯ್ತುಂಬ ನಕ್ಕ.

ವರ್ನಾ ಅವನ ಕಡೆ ತಿರುಗಿದಳು. "ನಿಮ್ಮದು ಎಷ್ಟು?"

"ನಮ್ಮದಾ? ನಾವು ಅದನ್ನೆಲ್ಲ ಎಣಿಸಲ್ಲ ಮೇಡಂ."

ವರ್ನಾ ಅವನನ್ನು ಬಸ್ಸಿನ ಕನ್ನಡಿಯಲ್ಲಿ ನೋಡುವ ಹಾಗೆ ನೋಡಿದಳು. ಟ್ರೆಂಟ್ ಕೂತುಕೊಂಡ.

ಮತ ಹಾಕಿದರು. ಲೂನ್ ಇರಲಿ ಎಂದವರು ಮೂವರು, ಬೇಡ ಎಂದವರು ಇಬ್ಬರು. ಮೂರನೆಯ ಕೈ ವರ್ನಾಳದು. ನಾನು ನಡಾವಳಿ ಹಾಳೆ ಮುಂದಕ್ಕೆಳೆದುಕೊಂಡೆ. ತೀರ್ಮಾನ: ಲೂನ್ ಮುಂದುವರಿಯತಕ್ಕದ್ದು. ಅದರ ಕೆಳಗೆ ಕಾರಣದ ಕಾಲಂ. ಅದನ್ನು ತುಂಬಲು ಅಧ್ಯಕ್ಷರನ್ನು ಕೇಳುವುದು ವಾಡಿಕೆ. ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಹಾಳೆ ಮುದ್ರಿಸುವುದೂ ಲೂನೇ. ಕಾಲಂ ಆಗಲೇ ತುಂಬಿತ್ತು.

"ಮೇಡಂ, ಕಾರಣ..." ಎಂದು ಹಾಳೆಯನ್ನು ಅವಳ ಮುಂದೆ ಜರುಗಿಸಿದೆ.

ವರ್ನಾ ಓದಿದಳು. ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದಳು. ಪೆನ್ನು ಆ ಸಾಲಿನ ಮೇಲೆ ಒಂದು ಬೆರಳು ಎತ್ತರದಲ್ಲಿ ನಿಂತಿತು. ಹಿಂದೆ ನಿಂತ ಗಾರ್ಡಿ ಯಾವುದಕ್ಕೂ ಇರಲಿ ಎಂದು ಕಿವಿಯ ಮೇಲೆ ಕೈ ಇಟ್ಟುಕೊಂಡ. ವರ್ನಾ ಅವನನ್ನು ನೋಡಿದಳು, ಭಾವನನ್ನು ನೋಡಿದಳು, ಪೆನ್ನಿಗೆ ಮುಚ್ಚಳ ಹಾಕಿದಳು.

"ಇರಲಿ," ಎಂದಳು. "ಸದ್ಯಕ್ಕೆ."

ಹಾಗಾಗಿ ಅದು ದಾಖಲೆಯಲ್ಲಿದೆ. ಅನುಮಾನವಿದ್ದವರು ಬಂದು ನೋಡಬಹುದು.

ಸಂಜೆ ನಾನೂ ಭಾವನ ಮನೆಯಲ್ಲೇ ಊಟಕ್ಕೆ ಕೂತೆ. ಅಕ್ಕ ಹಾಟ್‌ಡಿಶ್ ತಂದು ನಡುವೆ ಇಟ್ಟಳು. ಇಡೀ ವಾರ ಅವಳೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಗಿತ್ತು.

"ಕೆಲಸ ಉಳೀತಾ?"

"ಉಳೀತು," ಎಂದ ಭಾವ.

ಅಕ್ಕ ಚಮಚ ಕೆಳಗಿಟ್ಟು ಅವನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟಳು. ಆಮೇಲೆ ತಟ್ಟೆಗೆ ಬಡಿಸುತ್ತ ಕೇಳಿದಳು, "ಯಾಕೆ ಉಳಿಸಿಕೊಂಡ್ರಂತೆ? ಏನು ಕಾರಣ ಬರೆದ್ರು?"

ಭಾವ ನನ್ನ ಮುಖ ನೋಡಿದ. ನಾನು ಆಲೂಗಡ್ಡೆ ನೋಡಿದೆ. ಕೌಂಟಿಯ ಅರವತ್ತೆರಡು ಕಡೆ ನಡೆಯುತ್ತಿದ್ದ ಆ ಮಾತು ಅವನ ಗಂಟಲವರೆಗೆ ಬಂದು, ಅಡುಗೆಮನೆಯ ಬಾಗಿಲು ನೋಡಿ, ವಾಪಸ್ ಹೋಯಿತು.

"ಕಾರಣ ನಮೂದಿಸಿಲ್ಲ," ಎಂದ.

"ಅದೇ ನಾನೂ ಅಂದ್ಕೊಂಡೆ," ಎಂದಳು ಅಕ್ಕ. "ತಿನ್ನು, ಆರೋಗುತ್ತೆ. ತಿಂದು ಕಸದ ಡಬ್ಬ ಹೊರಗಿಡು. ಈ ವಾರ ನೀಲಿದು."